ಆಯಿಲ್ ಬೆರೆಸಿದ ಕಾಲ, ಆಯಿಲ್ ಮರೆತ ಕಾಲ

(ಸಿಂಧನೂರಿನಲ್ಲಿ ದ್ವಿಚಕ್ರ ವಾಹನ ಮೆಕ್ಯಾನಿಕರು, ಐಟಿಐ ವಿದ್ಯಾರ್ಥಿಗಳು ಮತ್ತು ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮುನ್ನ ಹೊರಗೆ ನಿಲ್ಲಿಸಿರುವ ಗಾಡಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿಕೊಂಡು ಬಂದೆ. ಒಂದಾದರೂ ಟೂ ಸ್ಟ್ರೋಕ್ ಗಾಡಿ ಕಂಡೀತೇ ಎಂಬ ಆಸೆ. ಕೊನೆಯಲ್ಲಿ, ಬೇವಿನ ಮರದ ಬುಡದಲ್ಲಿ, ಹಳೆಯ ಟಿವಿಎಸ್ ಎಕ್ಸೆಲ್ ಸೂಪರ್ ಒಂದು ನಿಂತಿದೆ. ಅದರ ಹಿಂದೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಕಟ್ಟಿದ್ದಾರೆ. ಅದೊಂದನ್ನು ಬಿಟ್ಟರೆ ಉಳಿದವೆಲ್ಲ ಫೋರ್ ಸ್ಟ್ರೋಕ್.

1983ರಲ್ಲಿ ನಾನು ಬಳ್ಳಾರಿಯ ಒಂದು ಗ್ಯಾರೇಜಿಗೆ ಪಾನಾ ಕೊಡುವ ಹುಡುಗನಾಗಿ ಸೇರಿದಾಗ ಲೆಕ್ಕ ಪೂರ್ತಿ ಉಲ್ಟಾ ಇತ್ತು. ಬುಲೆಟ್ ಒಂದೇ ಫೋರ್ ಸ್ಟ್ರೋಕ್. ಉಳಿದಂತೆ ರಾಜ್‌ದೂತ್, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯಜ್ಡಿ, ಬಜಾಜ್ ಸ್ಕೂಟರ್, ಲೂನಾ, ಟಿವಿಎಸ್ 50. ಎಲ್ಲವೂ ಪೆಟ್ರೋಲಿನ ಜೊತೆ ಆಯಿಲ್ ಕುಡಿಯುವ ಗಾಡಿಗಳು. ಸಂಜೆ ಮನೆಗೆ ಹೋದರೆ ನನ್ನ ಅಂಗಿಯ ವಾಸನೆಗೆ ಅವ್ವ ಅದನ್ನು ಬೇರೆ ಬಟ್ಟೆಗಳ ಜೊತೆ ನೆನೆಸುತ್ತಲೇ ಇರಲಿಲ್ಲ.

ಟೂ ಸ್ಟ್ರೋಕ್ ಹೋಗಿ ಫೋರ್ ಸ್ಟ್ರೋಕ್ ಬಂದದ್ದರಿಂದ ಪೆಟ್ರೋಲ್ ಉಳಿಯಿತು, ಹೊಗೆ ಕಡಿಮೆಯಾಯಿತು. ಇದು ನಿಮಗೆಲ್ಲ ಗೊತ್ತು. ನಾನು ಹೇಳಲು ಬಂದಿರುವುದು ಇನ್ನೊಂದು ಮಾತು. ಮೊದಲು ಆಯಿಲಿನ ನೆನಪು ಪೆಟ್ರೋಲಿನ ಜೊತೆಯಲ್ಲೇ ಬರುತ್ತಿತ್ತು. ಪೆಟ್ರೋಲ್ ಹಾಕಿಸದೆ ಗಾಡಿ ಓಡುವುದಿಲ್ಲ, ಆಯಿಲ್ ಬೆರೆಸದೆ ಬಂಕಿನವನು ಪೆಟ್ರೋಲ್ ಹಾಕುತ್ತಿರಲಿಲ್ಲ. ಫೋರ್ ಸ್ಟ್ರೋಕ್ ಬಂದ ಮೇಲೆ ಆ ಜೋಡಿ ಬೇರೆಯಾಯಿತು. ನೆನಪಿಡುವ ಕೆಲಸ ಬಂಕಿನಿಂದ ಗಾಡಿಯ ಮಾಲೀಕನ ತಲೆಗೆ ಬಂತು. ನಮ್ಮ ಮೂರು ಜಿಲ್ಲೆಗಳಲ್ಲಿ, ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ, ಆ ಕೆಲಸವನ್ನು ನಾವು ಇನ್ನೂ ಪೂರ್ತಿ ವಹಿಸಿಕೊಂಡಿಲ್ಲ. ನನ್ನ ಮೇಜಿನ ಮೇಲೆ ಬಿಚ್ಚಿಟ್ಟ ಸತ್ತ ಇಂಜಿನ್‌ಗಳಲ್ಲಿ ಬಹಳಷ್ಟು ಹಳತಾಗಿ ಸತ್ತವಲ್ಲ, ಆಯಿಲ್ ಇಲ್ಲದೆ ಸತ್ತವು.

ಮೊದಲು ಇಂಜಿನ್ನಿನ ಒಳಗೆ ಹೋಗೋಣ. ಇಂಜಿನ್ ಮಾಡುವ ಕೆಲಸ ನಾಲ್ಕು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಎಳೆದುಕೊಳ್ಳಬೇಕು, ಒತ್ತಬೇಕು, ಉರಿಸಬೇಕು, ಸುಟ್ಟ ಹೊಗೆಯನ್ನು ಹೊರಗೆ ತಳ್ಳಬೇಕು. ಫೋರ್ ಸ್ಟ್ರೋಕ್ ಇಂಜಿನ್ ಒಂದೊಂದು ಕೆಲಸಕ್ಕೂ ಪಿಸ್ಟನ್ನಿನ ಒಂದೊಂದು ಪೂರ್ತಿ ಓಟವನ್ನು ಕೊಡುತ್ತದೆ. ಹೀಗಾಗಿ ಪಿಸ್ಟನ್ನಿನ ಓಟವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಬಾರಿ ಉರಿ. ಟೂ ಸ್ಟ್ರೋಕ್ ಇಂಜಿನ್ ಇಷ್ಟನ್ನೂ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ, ಎರಡೇ ಓಟದಲ್ಲಿ ಮುಗಿಸುತ್ತದೆ. ಸುತ್ತಿಗೊಂದು ಉರಿ. ಅದರಲ್ಲಿ ದಾರಿ ತೆರೆದು ಮುಚ್ಚುವ ವಾಲ್ವ್ ಇಲ್ಲ, ವಾಲ್ವನ್ನು ಆಡಿಸುವ ಕ್ಯಾಮ್ ಇಲ್ಲ, ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಇಲ್ಲ. ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಾ ತಾನೇ ಆ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಅಷ್ಟು ಸರಳವಾದ ಯಂತ್ರವನ್ನು ಇವತ್ತಿಗೂ ಬಿಚ್ಚಿದಾಗ ಅದನ್ನು ಯೋಚಿಸಿದವರ ಬಗ್ಗೆ ನನಗೆ ಗೌರವ ಹುಟ್ಟುತ್ತದೆ.

ಆ ಸರಳತೆಗೆ ಒಂದು ಬೆಲೆ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಿಮಗೆ ಅದನ್ನು ಗದ್ದೆಯ ಮಾತಿನಲ್ಲೇ ಹೇಳುತ್ತೇನೆ. ಗದ್ದೆಯ ಹಳೆಯ ನೀರನ್ನು ಹೊರಗೆ ಬಿಟ್ಟು ಹೊಸ ನೀರು ಕಟ್ಟಬೇಕಾಗಿದೆ ಎಂದುಕೊಳ್ಳಿ. ಮೇಲಿನ ಬಾಯನ್ನೂ ಕೆಳಗಿನ ಬಾಯನ್ನೂ ಒಟ್ಟಿಗೇ ತೆರೆದರೆ ಕೆಲಸ ಬೇಗ ಆಗುತ್ತದೆ. ಹೊಸ ನೀರೇ ಹಳೆಯ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಆದರೆ ಹೊಸ ನೀರಿನಲ್ಲಿ ಯೂರಿಯಾ ಕರಗಿಸಿದ್ದರೆ? ಅದರಲ್ಲಿ ಒಂದು ಪಾಲು ಪಕ್ಕದವರ ಗದ್ದೆಗೆ ಹರಿದುಹೋಗುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ನಡೆಯುವುದು ಇದೇ. ಹೊಗೆ ಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಮಿಶ್ರಣ ಒಳಗೆ ನುಗ್ಗುತ್ತದೆ. ಕಾರ್ಬ್ಯುರೇಟರ್ ಇರುವ ಸಣ್ಣ ಇಂಜಿನ್‌ಗಳಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಪೆಟ್ರೋಲ್ ಸುಡದೆಯೇ ಸೈಲೆನ್ಸರಿನಿಂದ ಹೊರಗೆ ಹೋಗಬಲ್ಲದು. ನಾವು ದುಡ್ಡು ಕೊಟ್ಟು ಕೊಂಡ ಪೆಟ್ರೋಲ್ ಅದು. ಜೊತೆಗೆ ಅರೆಬರೆ ಸುಟ್ಟ ಆಯಿಲ್ ನೀಲಿ ಹೊಗೆಯಾಗಿ ಹಿಂದೆ ಬರುವವನ ಮೂಗಿಗೆ ಹೋಗುತ್ತಿತ್ತು.

1980ರ ದಶಕದ ಮಧ್ಯದಲ್ಲಿ ಎರಡೂ ಬಗೆಯ ಹೊಸ ಗಾಡಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಸರ್ಕಾರ ಸಣ್ಣ ಗಾಡಿಗಳಿಗೆ ಜಪಾನ್ ಕಂಪನಿಗಳ ಜೊತೆ ಕೈಜೋಡಿಸಲು ದಾರಿ ತೆರೆದಿತ್ತು. 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಯಮಹಾ ಆರ್‌ಎಕ್ಸ್ 100, ಆಮೇಲೆ ಕವಾಸಾಕಿ ಬಜಾಜ್ ಕೆಬಿ 100 ಬಂದವು. ಈ ಮೂರೂ ಟೂ ಸ್ಟ್ರೋಕ್. ಅವುಗಳ ನಡುವೆ 1985ರಲ್ಲೇ ಹೀರೋ ಹೋಂಡಾ ಸಿಡಿ 100 ಎಂಬ ಒಂಟಿ ಫೋರ್ ಸ್ಟ್ರೋಕ್. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಜಾಹೀರಾತಿನ ಮಾತು.

ಆರ್‌ಎಕ್ಸ್ 100 ಇಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿ. ಸಿಡಿ 100 ಇಂಜಿನ್ 97 ಸಿಸಿ, ಶಕ್ತಿ ಅದರ ಮೂರರಲ್ಲಿ ಎರಡು ಪಾಲಿನಷ್ಟು. ಸುತ್ತಿಗೊಂದು ಉರಿಗೂ ಎರಡು ಸುತ್ತಿಗೊಂದು ಉರಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ಮುಂದೆ ಹಾರುತ್ತಿದ್ದುದು ಆರ್‌ಎಕ್ಸ್. ಸಿಡಿ 100 ನೋಡಿದ ನಮ್ಮ ಗ್ಯಾರೇಜಿನ ಉಸ್ತಾದರು "ಎತ್ತು ಸಾಧು, ಆದರೆ ಏರಿಗೆ ಕಟ್ಟಿದರೆ ಎಳೆಯುವುದಿಲ್ಲ" ಎಂದಿದ್ದರು. ನಾನೂ ಅದನ್ನೇ ನಂಬಿದೆ. ನಮ್ಮದು ಎರೆ ಭೂಮಿಯ ಬಯಲು ಸೀಮೆ, ಏರು ಬಹಳ ಇಲ್ಲ ಎಂಬುದನ್ನು ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಸಮತಟ್ಟಾದ ರಸ್ತೆಯಲ್ಲಿ ಶಾಲೆಗೋ ಬ್ಯಾಂಕಿಗೋ ಹೋಗಿ ಬರುವವನಿಗೆ ಬೇಕಾದದ್ದು ಹಾರುವ ಗಾಡಿ ಅಲ್ಲ, ಒಂದು ಲೀಟರಿಗೆ ಎರಡು ಪಟ್ಟು ದೂರ ಓಡುವ ಗಾಡಿ. ಗಿರಾಕಿಗಳು ಅದನ್ನು ನಮಗಿಂತ ಮೊದಲು ಅರಿತರು.

ಈಗ ನನ್ನ ಕೈಯಿಂದ ಆದ ಒಂದು ತಪ್ಪನ್ನು ಹೇಳಬೇಕು. ಇಲ್ಲಿ ಕುಳಿತಿರುವ ಐಟಿಐ ಹುಡುಗರು ಇದನ್ನು ಗಮನವಿಟ್ಟು ಕೇಳಬೇಕು. ಸಿಡಿ 100 ಇಟ್ಟುಕೊಂಡಿದ್ದ ಒಬ್ಬ ಶಾಲಾ ಮೇಷ್ಟರು ಸಿರುಗುಪ್ಪದ ಕಡೆಯಿಂದ ನಮ್ಮಲ್ಲಿಗೆ ಬರುತ್ತಿದ್ದರು. ಒಂದು ದಿನ "ಹೆಡ್ಡಿನಿಂದ ಟಿಕ್ ಟಿಕ್ ಶಬ್ದ ಬರುತ್ತಿದೆ, ನೋಡಪ್ಪಾ" ಎಂದರು. ಟೂ ಸ್ಟ್ರೋಕಿನಲ್ಲಿ ಬೆಳೆದ ನನಗೆ ಹೆಡ್ಡಿನೊಳಗೆ, ಅಂದರೆ ಇಂಜಿನ್ನಿನ ತಲೆಭಾಗದೊಳಗೆ, ಅಲ್ಲಾಡುವ ವಸ್ತು ಇರುತ್ತದೆ ಎಂಬುದೇ ಹೊಸದು. ವಾಲ್ವನ್ನು ಒತ್ತುವ ಟ್ಯಾಪೆಟ್ ಬಿಗಿ ಮಾಡಿದರೆ ಶಬ್ದ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಬಿಗಿ ಮಾಡಿದೆ. ಶಬ್ದ ನಿಂತಿತು. ಮೇಷ್ಟರು ಖುಷಿಯಿಂದ ಹೋದರು. ಕೆಲವು ವಾರಗಳ ನಂತರ ಅದೇ ಗಾಡಿಯನ್ನು ತಳ್ಳಿಕೊಂಡು ಬಂದರು. ಕಿಕ್ಕರ್ ಒತ್ತಿದರೆ ಕಾಲಿಗೆ ಬಿಗಿಯೇ ಹತ್ತಲಿಲ್ಲ. ಹೆಡ್ ಬಿಚ್ಚಿದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಹರಿದಿತ್ತು.

ಆದದ್ದು ಇಷ್ಟು. ವಾಲ್ವ್ ಬಿಸಿಗೆ ಉದ್ದವಾಗುತ್ತದೆ. ಅದಕ್ಕೆಂದೇ ತಣ್ಣಗಿರುವಾಗ ಟ್ಯಾಪೆಟ್ಟಿನಲ್ಲಿ ಒಂದು ಸಣ್ಣ ಸಂದು ಬಿಟ್ಟಿರುತ್ತಾರೆ. ಈ ಸಣ್ಣ ಇಂಜಿನ್‌ಗಳಲ್ಲಿ ಅದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆ ಸಂದು ಇಲ್ಲದಿದ್ದರೆ ಇಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಚ್ಚಿಕೊಂಡಾಗಲೇ ವಾಲ್ವ್ ತನ್ನ ಬಿಸಿಯನ್ನು ತಾನು ಕೂರುವ ಸೀಟಿಗೆ ಬಿಟ್ಟುಕೊಡುವುದು. ಮುಚ್ಚದ ವಾಲ್ವ್ ತಣಿಯುವುದಿಲ್ಲ, ಬೆಂಕಿ ಅದರ ಅಂಚಿನಲ್ಲೇ ನುಸುಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಅಂಥ ಗಾಳಿಯಲ್ಲಿ ಇಂಜಿನ್ನಿನ ಕಾವು ಬೇಗ ಇಳಿಯುವುದಿಲ್ಲ. ಮೆಲ್ಲಗೆ ಟಿಕ್ ಎನ್ನುವ ಟ್ಯಾಪೆಟ್ ಆರೋಗ್ಯವಂತ ಟ್ಯಾಪೆಟ್. ಪ್ಲಗ್ಗಿನ ಗ್ಯಾಪ್ ನೋಡಲು ನಾವು ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡಿನ ತುಂಡನ್ನು ಬಳಸುತ್ತಿದ್ದೆವು. ಅದರ ದಪ್ಪ ಆ ಗ್ಯಾಪಿಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಟ್ಯಾಪೆಟ್ಟಿಗೆ ಆ ಅಂದಾಜು ನಡೆಯುವುದಿಲ್ಲ. ಸಂದು ಅಳೆಯುವ ಫೀಲರ್ ಗೇಜ್ ಬೇಕೇ ಬೇಕು. ಆ ಮೇಷ್ಟರಿಗೆ ಹೊಸ ವಾಲ್ವಿನ ದುಡ್ಡನ್ನು ನನ್ನ ಪಗಾರದಿಂದ ಕಂತಿನಲ್ಲಿ ಕೊಟ್ಟೆ. ಅವರು ಬೇಡ ಎಂದರು, ಉಸ್ತಾದರು ಬಿಡಲಿಲ್ಲ. ಮೊದಲ ಫೀಲರ್ ಗೇಜನ್ನು ನನಗೆ ಕೊಡಿಸಿದವರೂ ಉಸ್ತಾದರೇ.

ಇನ್ನು ಆಯಿಲ್. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲಿನ ಸಂಸಾರ ಎರಡು ಮನೆ. ಪಿಸ್ಟನ್, ಬೋರ್, ಕ್ರ್ಯಾಂಕ್ ಬೇರಿಂಗ್‌ಗಳಿಗೆ ಪೆಟ್ರೋಲಿನ ಜೊತೆ ಬರುವ ಆಯಿಲ್. ಅದು ಕೆಲಸ ಮಾಡಿ ಸುಟ್ಟುಹೋಗುತ್ತದೆ, ಪ್ರತಿ ಸಲವೂ ಹೊಸದು ಬರುತ್ತದೆ. ಗೇರು, ಕ್ಲಚ್ಚಿಗೆ ಕೆಳಗಿನ ಪೆಟ್ಟಿಗೆಯಲ್ಲಿ ಬೇರೆ ಆಯಿಲ್. ಅಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ. ಆದ್ದರಿಂದ ಅದನ್ನು ವರ್ಷಗಟ್ಟಲೆ ಬದಲಿಸದಿದ್ದರೂ ಗಾಡಿ ಸಹಿಸಿಕೊಳ್ಳುತ್ತಿತ್ತು. ನಮ್ಮ ಜನರ ಮನಸ್ಸಿನಲ್ಲಿ ಕೂತದ್ದು ಇದೇ ಅಭ್ಯಾಸ: ಕೆಳಗಿನ ಆಯಿಲ್ ಎಂದರೆ ಗೇರ್ ಆಯಿಲ್, ಅದಕ್ಕೆ ಅವಸರವಿಲ್ಲ.

ಫೋರ್ ಸ್ಟ್ರೋಕ್ ಬೈಕಿನಲ್ಲಿ ಮನೆ ಒಂದೇ. ಸಣ್ಣ ಬೈಕುಗಳಲ್ಲಿ ಸುಮಾರು ಒಂದು ಲೀಟರ್ ಇರುವ ಅದೇ ಆಯಿಲ್ ಮೇಲೆ ಕ್ಯಾಮಿಗೆ ಹೋಗಬೇಕು, ಬೋರಿನ ಗೋಡೆಗೆ ಹತ್ತಬೇಕು, ಕ್ರ್ಯಾಂಕಿಗೆ ಸಿಗಬೇಕು, ಗೇರಿನ ಹಲ್ಲುಗಳ ನಡುವೆ ಅರೆದುಕೊಳ್ಳಬೇಕು, ಕ್ಲಚ್ ಪ್ಲೇಟುಗಳನ್ನು ನೆನೆಸಬೇಕು, ಇಂಜಿನ್ನಿನ ಕಾವನ್ನೂ ಹೊರಬೇಕು. ಕಾರಿನ ಆಯಿಲ್ ಹಾಕಬೇಡಿ ಎಂದು ನಾವು ಹೇಳುವುದು ಇದಕ್ಕೇ. ಕಾರಿನ ಕೆಲವು ಆಯಿಲ್‌ಗಳಲ್ಲಿ ಜಾರುವ ಗುಣ ಹೆಚ್ಚಿಸುವ ಅಂಶ ಇರುತ್ತದೆ. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಪ್ಲೇಟ್ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು ಇದೆಯೇ ನೋಡಿಕೊಳ್ಳಿ.

ನಮ್ಮ ಸೀಮೆಯ ಧೂಳನ್ನೂ ಸೇರಿಸಿ ಯೋಚಿಸಬೇಕು. ಭತ್ತದ ಕಟಾವಿನ ತಿಂಗಳುಗಳಲ್ಲಿ ಗಂಗಾವತಿಯಿಂದ ಕಾರಟಗಿ, ಅಲ್ಲಿಂದ ಸಿಂಧನೂರಿನವರೆಗೆ ರಸ್ತೆಯ ಮೇಲೆ ಹೊಟ್ಟು ತೇಲುತ್ತಿರುತ್ತದೆ. ಅದಿರಿನ ಲಾರಿಗಳ ಭರಾಟೆಯ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಕಡೆಯ ಗಾಡಿಗಳ ಏರ್ ಫಿಲ್ಟರ್ ಬಿಚ್ಚಿದರೆ ಕುಂಕುಮದ ಡಬ್ಬಿ ತೆರೆದಂತೆ ಇರುತ್ತಿತ್ತು. ಫಿಲ್ಟರ್ ಹರಿದಿದ್ದರೆ ಆ ಪುಡಿ ಬೋರಿನ ಮೂಲಕ ಆಯಿಲಿಗೆ ಇಳಿಯುತ್ತದೆ. ಟೂ ಸ್ಟ್ರೋಕಿನಲ್ಲಿ ಅದರಲ್ಲಿ ಬಹುಪಾಲು ಹೊಗೆಯ ಜೊತೆ ಆಚೆ ಹೋಗುತ್ತಿತ್ತು, ಬೋರನ್ನು ಸವೆಸಿಕೊಂಡೇ ಹೋಗುತ್ತಿತ್ತು ಎಂಬುದೂ ನಿಜ. ಫೋರ್ ಸ್ಟ್ರೋಕಿನಲ್ಲಿ ಅದು ಅಲ್ಲೇ ಉಳಿದು ಸುತ್ತುತ್ತದೆ. ಆಗ ಆಯಿಲ್ ಆಯಿಲಾಗಿರುವುದಿಲ್ಲ, ಸಾಣೆ ಹಿಡಿಯುವ ಲೇಪವಾಗಿರುತ್ತದೆ. ಕಾಗದದ ಫಿಲ್ಟರನ್ನು ಹಳೆಯ ಫೋಮ್ ಫಿಲ್ಟರಿನಂತೆ ಪೆಟ್ರೋಲಿನಲ್ಲಿ ಅದ್ದಿ ತೊಳೆಯುವುದನ್ನು ದಯವಿಟ್ಟು ಬಿಡಿ. ಅದನ್ನು ಬದಲಿಸಬೇಕು, ತೊಳೆಯಬಾರದು.

ಟೂ ಸ್ಟ್ರೋಕ್ ಕೆಡುವ ಮೊದಲು ಕೂಗುತ್ತಿತ್ತು. ಪ್ಲಗ್ ಕಪ್ಪಾಗಿ ನಡುದಾರಿಯಲ್ಲಿ ನಿಲ್ಲುತ್ತಿತ್ತು, ಸೈಲೆನ್ಸರ್ ಕಟ್ಟಿಕೊಂಡು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಗ್ಯಾರೇಜಿನ ಹಿಂದೆ ಕಟ್ಟಿಗೆ ಬೆಂಕಿ ಹಾಕಿ ಸೈಲೆನ್ಸರಿನ ಒಳಕೊಳವೆಯನ್ನು ಕೆಂಪಗೆ ಸುಟ್ಟು ಇಂಗಾಲ ಉದುರಿಸುವುದು ವಾರಕ್ಕೆ ಎರಡು ಸಲವಾದರೂ ಇದ್ದ ಕೆಲಸ. ಆ ಹೊಗೆಯಲ್ಲಿ ನಿಂತ ನನ್ನ ಜೊತೆಗಾರರಲ್ಲಿ ಕೆಲವರು ಇವತ್ತು ಎರಡು ಮೆಟ್ಟಿಲು ಹತ್ತಿದರೆ ಕೆಮ್ಮುತ್ತಾರೆ. ಅದನ್ನು ನೆನೆದಾಗ ಟೂ ಸ್ಟ್ರೋಕಿನ ಕಾಲವೇ ಚೆಂದ ಎನ್ನುವವರ ಮಾತಿಗೆ ನಾನು ತಲೆಯಾಡಿಸಲಾರೆ. ಅದರ ಸದ್ದು ನನಗೂ ಇಷ್ಟ. ಆದರೆ ಆ ಗಾಳಿಯನ್ನು ಉಸಿರಾಡಿದವನು ನಾನು.

ಫೋರ್ ಸ್ಟ್ರೋಕ್ ಕೂಗುವುದಿಲ್ಲ. ಆಯಿಲ್ ಮುಕ್ಕಾಲು ಭಾಗ ಇಳಿದಿದ್ದರೂ ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದು ನಿಲ್ಲುತ್ತದೆ. ಪಿಸ್ಟನ್ನಿನ ರಿಂಗ್ ಸವೆದ ಗಾಡಿ ಸ್ವಲ್ಪ ಸ್ವಲ್ಪವೇ ಆಯಿಲ್ ಸುಡುತ್ತಾ ಹೋಗುತ್ತದೆ, ಮಾಲೀಕನಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವ ದಿನ ಕ್ಯಾಮ್, ಬೋರ್, ಕ್ರ್ಯಾಂಕ್ ಮೂರೂ ಹೋಗಿರುತ್ತವೆ. ಇಂಜಿನ್ ಬೋರ್ ಮಾಡಿಸಲು ಬಂದ ರೈತನಿಗೆ ಖರ್ಚು ಹೇಳುವಾಗ ನನ್ನ ಬಾಯಿ ಒಣಗುತ್ತದೆ. ಒಂದು ಡಬ್ಬಿ ಆಯಿಲಿನ ಬೆಲೆ ಎಷ್ಟು, ಇದು ಎಷ್ಟು!

ಸರ್ಕಾರದ ನಿಯಮಗಳ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪೆಟ್ರೋಲ್ ಗಾಡಿಗಳು ಕಿಲೋಮೀಟರಿಗೆ ಬಿಡುವ ಹೊಗೆಗೆ ನಮ್ಮ ದೇಶದಲ್ಲಿ ಮಿತಿ ಬಂದದ್ದು 1991ರಲ್ಲಿ. 1996ರಲ್ಲಿ ಅದು ಬಿಗಿಯಾಯಿತು, 2000ದಲ್ಲಿ ಇನ್ನೂ ಬಿಗಿಯಾಯಿತು. ಅದೇ ವರ್ಷ ಫೆಬ್ರುವರಿಯಿಂದ ದೇಶದ ಎಲ್ಲ ಬಂಕುಗಳಲ್ಲೂ ಸೀಸವಿಲ್ಲದ ಪೆಟ್ರೋಲ್ ಬಂತು. ಕೆಲವು ಟೂ ಸ್ಟ್ರೋಕ್ ಗಾಡಿಗಳು ಸೈಲೆನ್ಸರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ಟುಕೊಂಡು ಒಂದಷ್ಟು ವರ್ಷ ದಮ್ಮು ಹಿಡಿದವು. 2000ದಲ್ಲಿ ಬೈಕಿನಿಂದ ಕಿಲೋಮೀಟರಿಗೆ 2 ಗ್ರಾಂ ಹೈಡ್ರೋಕಾರ್ಬನ್ (ಸುಡದೆ ಉಳಿದ ಪೆಟ್ರೋಲ್) ಮತ್ತು ನೈಟ್ರೋಜನ್ ಆಕ್ಸೈಡ್ ಸೇರಿ ಬರಬಹುದಿತ್ತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್ 6 ಎಂಬ ಹೊಗೆ ನಿಯಮದಲ್ಲಿ ಹೈಡ್ರೋಕಾರ್ಬನ್ನಿಗೆ ಇರುವ ಮಿತಿ 0.1 ಗ್ರಾಂ. ಗದ್ದೆಯ ಎರಡೂ ಬಾಯಿ ತೆರೆದಿಟ್ಟುಕೊಂಡ ಹಳೆಯ ಇಂಜಿನ್ ಅಲ್ಲಿಗೆ ತಲುಪುವ ಮಾತೇ ಇರಲಿಲ್ಲ. ಆದರೆ ನಿಯಮಕ್ಕಿಂತ ಮೊದಲೇ ಜನ ತೀರ್ಮಾನಿಸಿದ್ದರು. 1994ರಲ್ಲಿ ಸ್ಪ್ಲೆಂಡರ್ ಬಂದ ಮೇಲೆ ನಮ್ಮ ಹಳ್ಳಿಗಳ ವರದಕ್ಷಿಣೆಯ ಪಟ್ಟಿಯಲ್ಲೂ ಗಾಡಿಯ ಹೆಸರು ಬದಲಾಯಿತು. ಅದನ್ನು ಹೇಳಲು ನನಗೆ ಸಂತೋಷವಿಲ್ಲ. ಆದರೂ ಅದು ನಡೆದದ್ದು.

ಕೊನೆಯವರೆಗೆ ಉಳಿದದ್ದು ಟಿವಿಎಸ್ ಮೊಪೆಡ್. ಗೊಬ್ಬರದ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ ಹೇರಿಕೊಂಡು ಬದುವಿನ ಮೇಲೆ ಹೋಗಲು ಅದಕ್ಕೆ ಸಮನಾದದ್ದು ಬೇರೆ ಇರಲಿಲ್ಲ. 2015ರಲ್ಲಿ ಎಕ್ಸೆಲ್ 100 ಬಂದಾಗ ಅದೂ ಫೋರ್ ಸ್ಟ್ರೋಕ್ ಆಯಿತು. ಅದರ ಮೊದಲ ವರ್ಷಗಳಲ್ಲಿ ನಾನು ಕಂಡ ಎರಡು ಬಗೆಯ ತಪ್ಪುಗಳನ್ನು ಹೇಳುತ್ತೇನೆ. ಹಿರಿಯರು ಅಭ್ಯಾಸಬಲದಿಂದ ಅದರ ಪೆಟ್ರೋಲಿಗೂ ಆಯಿಲ್ ಬೆರೆಸುತ್ತಿದ್ದರು. ಪ್ಲಗ್ ಕಪ್ಪಾಗುತ್ತಿತ್ತು, ಹೊಗೆ ಬರುತ್ತಿತ್ತು, ತೊಳೆದರೆ ಸರಿಹೋಗುತ್ತಿತ್ತು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಟ್ಯಾಂಕಿಗೆ ಆಯಿಲ್ ಹಾಕಿದ್ದೇನೆ, ಕೆಳಗೆ ಯಾಕೆ ನೋಡಬೇಕು ಎಂದು ಇಂಜಿನ್ ಆಯಿಲನ್ನು ಮುಟ್ಟದೇ ಬಿಟ್ಟವರಿದ್ದರು.

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ಬೇವಿನ ಮರದ ಕೆಳಗಿನ ಮೊಪೆಡ್ ಅವರದೇ. "ಸಾಹೇಬರೇ, ನೀವು ಸತ್ತ ಇಂಜಿನ್ನಿನ ಮಾತಾಡಿದಿರಿ. ನನ್ನ ಸ್ಪ್ರೇಯರ್ ಮೂರು ದಿನದಿಂದ ಹಗ್ಗ ಎಳೆದರೆ ಅಲುಗುತ್ತಿಲ್ಲ. ಒಂದು ಸಲ ನೋಡುತ್ತೀರಾ?" ಎಂದರು. ಎಲ್ಲರೂ ಹೊರಗೆ ಬಂದೆವು. ಹಿರಿಯರ ಮಗನೂ ಜೊತೆಗಿದ್ದ, ಇಪ್ಪತ್ತೆರಡರ ಹುಡುಗ. ಟ್ಯಾಂಕಿನ ಮುಚ್ಚಳ ತೆಗೆದು ಒಂದಿಷ್ಟು ಪೆಟ್ರೋಲನ್ನು ಬಿಳಿಯ ಬಟ್ಟೆಗೆ ಸುರಿದೆ. ಆರಿದ ಮೇಲೆ ಬಟ್ಟೆಯಲ್ಲಿ ಜಿಡ್ಡಿನ ಕಲೆಯೇ ಉಳಿಯಲಿಲ್ಲ.

"ಪೆಟ್ರೋಲ್ ಯಾರು ಹಾಕಿದ್ದು?" ಎಂದು ಕೇಳಿದೆ.

"ನಾನೇ ಸರ್. ನನ್ನ ಬೈಕಿನಿಂದ ಪೈಪ್ ಹಾಕಿ ತೆಗೆದೆ" ಎಂದ ಹುಡುಗ.

ಅಪ್ಪ ಮೂವತ್ತು ವರ್ಷ ಮೊಪೆಡ್ಡಿಗೆ ಅಳತೆ ತಪ್ಪದೆ ಆಯಿಲ್ ಬೆರೆಸಿದವರು. ಮಗ ಫೋರ್ ಸ್ಟ್ರೋಕ್ ಬೈಕಿನ ಮೇಲೆ ಬೆಳೆದವನು. ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಈಗ ಸ್ಪ್ರೇಯರ್‌ಗಳು ಎರಡೂ ಬಗೆಯಲ್ಲಿ ಬರುತ್ತವೆ, ಹೊರಗಿನಿಂದ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರಗಳಲ್ಲೂ ಟೂ ಸ್ಟ್ರೋಕ್ ಇನ್ನೂ ಬದುಕಿದೆ. ಕೊಳ್ಳುವಾಗಲೇ ಅಂಗಡಿಯವನನ್ನು ಕೇಳಿ, ಬೆರೆಸುವುದಾದರೆ ಲೀಟರಿಗೆ ಎಷ್ಟು ಎಂಬುದನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಸಿಕೊಳ್ಳಿ ಎಂದು ಅಲ್ಲಿದ್ದ ರೈತರಿಗೆ ಹೇಳಿದೆ. ಸ್ಪ್ರೇಯರಿನ ಸೈಲೆನ್ಸರ್ ಬಿಚ್ಚಿ, ಕಿಂಡಿಯ ಮೂಲಕ ಮೊಬೈಲಿನ ಬೆಳಕು ಬಿಟ್ಟೆವು. ಪಿಸ್ಟನ್ನಿನ ಮೈ ಮೇಲೆ ಉಗುರಿನಿಂದ ಗೀರಿದಂತೆ ಉದ್ದುದ್ದ ಗೆರೆಗಳು. ಐಟಿಐ ಹುಡುಗರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

ಆಮೇಲೆ ನಾನು ಆ ಹುಡುಗನಿಗೆ ಅವನ ಬೈಕನ್ನು ತರಲು ಹೇಳಿದೆ. ನಡುವಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದೆರಡು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಆಯಿಲ್ ನೋಡುವ ಕಡ್ಡಿಯನ್ನು ಅವನ ಕೈಯಿಂದಲೇ ತೆಗೆಸಿದೆ. ಒರೆಸಿ, ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಸಿ, ಮತ್ತೆ ಮೇಲೆತ್ತಲು ಹೇಳಿದೆ. ತುದಿ ಒಣಗಿಯೇ ಇತ್ತು. ಅವನು ಇನ್ನೊಮ್ಮೆ ಒರೆಸಿ, ಇನ್ನೊಮ್ಮೆ ಇಳಿಸಿ ನೋಡಿದ. ಅವರಪ್ಪ ಏನೂ ಅನ್ನದೆ ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಹುಡುಗ ಬೈಕನ್ನು ಅಲ್ಲೇ ಬಿಟ್ಟು, ಆಯಿಲ್ ತರಲು ರಸ್ತೆಯಾಚೆಯ ಅಂಗಡಿಗೆ ನಡೆದುಕೊಂಡು ಹೋದ.